ಎರಡು ಮುದ್ದೆಯ ಸಮಾಧಾನ

ಗೆಳೆಯರೇ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಬರೆದುಬಿಡುತ್ತೇನೆ. ಇವತ್ತು ಮಲ್ಲಿಪಟ್ಟಣದಲ್ಲಿ ನಮ್ಮ ಯಜಮಾನರಿಗೂ ಅವರಣ್ಣನಿಗೂ ಹೊಲ ಸಮನಾಗಿ ಪಾಲಾಯಿತು. ಊಟಕ್ಕೆ ಕೂತಾಗ ನನ್ನ ನಾಲ್ಕು ವರ್ಷದ ಮಗ ಒಂದು ಮುದ್ದೆ ಸಾಲದೆಂದು ರಚ್ಚೆ ಹಿಡಿದ. ಅತ್ತೆ ಕೈ ಒದ್ದೆ ಮಾಡಿಕೊಂಡು ಅದನ್ನೇ ಮುರಿದು ಎರಡು ಉಂಡೆ ಕಟ್ಟಿದರು.

"ಈಗ ಜಾಸ್ತಿ ಆಯ್ತು!" ಎಂದು ನಕ್ಕ.

"ಅಷ್ಟೇ ಹಿಟ್ಟು ಕಣೋ ಪೆದ್ದ," ಎಂದಳು ಎಂಟು ವರ್ಷದ ಅಕ್ಕ.

ಈ ಬುದ್ಧಿ ವಯಸ್ಸಿಗೆ ತಕ್ಕಂತೆ ಬರುತ್ತದೆ ಎಂದು ಟೀಚರಾದ ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ತಮ್ಮನ ಮೇಲೆ ಗುಡುಗಿದರು: "ಸರ್ವೇಯರ್ ಸಮ ಅಂದ್ಬುಟ್ರೆ ಆಗೋಯ್ತಾ? ನಿಂದು ಎಷ್ಟುದ್ದ ಅದೆ, ನಂದು ಮೊಟಕು. ನಿಂಗೇ ಜಾಸ್ತಿ ಕಣ್ಲಾ!"

ಮಗಳು ಮೆಲ್ಲಗೆ ಹೇಳಿದಳು:

"ಅಜ್ಜಿ, ದೊಡ್ಡಪ್ಪನ ಹೊಲಾನೂ ಮುರಿದು ಎರಡು ಮಾಡ್ಬುಡಿ."