ಕಸ್ತೂರೆಮ್ಮನ ಖಾನಾವಳಿ ಅಮೆರಿಕ ಆದದ್ದು

"ಅಶೋಕ ಚಕ್ರವರ್ತಿ ನಮ್ಮ ಮಸ್ಕಿ ತನಕ ಬಂದು, ಬಂಡೆಗಲ್ಲಿನ ಮ್ಯಾಲ ನಾಕು ಅಕ್ಷರ ಬರೆಸಿ ಹಂಗ ಹೋಗಿಬಿಟ್ಟಾನ. ಯಾಕ ಹೇಳ್ರಿ? ಆವಾಗ ನನ್ನ ಖಾನಾವಳಿ ಇರಲಿಲ್ಲ. ಇದ್ದಿದ್ರ ರಾಜ್ಯ ಮಕ್ಕಳಿಗೆ ಬಿಟ್ಟು ಇಲ್ಲೇ ತಿಂಗಳ ಊಟಕ್ಕ ಹೆಸರು ಹಚ್ಚತಿದ್ದ. ನನ್ನ ಖಾನಾವಳ್ಯಾಗ ಕುಂತಾಂವ ಅರ್ಧ ಊಟಕ್ಕ ಎದ್ದದ್ದೂ ಇಲ್ಲ, ಏಳೂದೂ ಇಲ್ಲ."

ಹೊಸ ಗಿರಾಕಿ ಯಾರೇ ಬರಲಿ, ಮೊದಲ ರೊಟ್ಟಿಯ ಜೊತೆಗೆ ಕಸ್ತೂರೆಮ್ಮ ಈ ಮಾತನ್ನೂ ತಾಟಿಗೆ ಹಾಕುತ್ತಿದ್ದಳು. ಗಂಡ ಸೂಗಪ್ಪ ತೀರಿಕೊಂಡ ಮೇಲೆ, ನಿಜಾಮನ ಕಾರುಬಾರು ಮುಗಿದ ವರ್ಷವೇ ಮಸ್ಕಿಯ ಬಸ್ಸು ನಿಲ್ಲುವ ಜಾಗದ ಎದುರು ಆಕೆ ಖಾನಾವಳಿ ತೆರೆದಿದ್ದಳು. ಆಕೆಯ ರೊಟ್ಟಿ ಎಷ್ಟು ತೆಳುವೆಂದರೆ, ಎತ್ತಿ ಹಿಡಿದರೆ ಅದರೊಳಗಿಂದ ಲಿಂಗಸುಗೂರಿನ ಬಸ್ಸು ಹೊರಟಿದೆಯೋ ಇಲ್ಲವೋ ಕಾಣುತ್ತಿತ್ತು. ಶೇಂಗಾ ಹಿಂಡಿಯ ಖಾರದ ಬಗ್ಗೆ ಲಾರಿ ಡ್ರೈವರ್ ಜಿಲಾನಿಸಾಬನೇ ಸಾಕ್ಷಿ. ಅದನ್ನು ತಿಂದು ಹೊರಟ ದಿನ ಅವನ ಲಾರಿ ಪೆಟ್ರೋಲಿಲ್ಲದೆ ಸಿಂಧನೂರು ಮುಟ್ಟಿತ್ತಂತೆ.

ಇಂಥ ಖಾನಾವಳಿಗೆ ಒಂದು ಬೇಸಿಗೆಯಲ್ಲಿ ಅಮೆರಿಕ ಬಂದು ಸೇರಿಕೊಂಡಿತು. ತಂದವನು ಆಕೆಯ ತಮ್ಮ ಅಮರಗುಂಡಪ್ಪ.

ಅಮರಗುಂಡಪ್ಪ ಸಿಂಧನೂರಿನ ಹತ್ತಿ ಗಿರಣಿಯಲ್ಲಿ ಕಾರಕೂನ. ಆದರೆ ತಾನು ಕಾದಂಬರಿಕಾರ ಎಂದೇ ಅವನು ತಿಳಿದಿದ್ದ. ನೀತಿ ತುಂಬಿದ ಅವನ ಹಳೆಯ ಕಾದಂಬರಿಗಳನ್ನು ಗೆದ್ದಲು ಸಹ ಅರ್ಧಕ್ಕೆ ಬಿಟ್ಟಿತ್ತು. ಕೊನೆಗೆ ಗದಗಿನ ಪ್ರಕಾಶಕರು, "ನೀತಿ ಸಾಕ್ರೀ. ಅಮೆರಿಕಾದ ಪಡುವಣ ಸೀಮಿ ಕತಿ ಬರೀರಿ. ಕುದುರಿ, ಪಿಸ್ತೂಲು, ಪ್ರೇಮ. ಒಂದು ಸಣ್ಣ ಊರು, ಅಲ್ಲೊಂದು ಊಟದ ಮನಿ, ಅದನ್ನ ನಡೆಸೋ ಚೆಲುವಿ," ಎಂದು ಹೇಳಿ ಕಳಿಸಿದ್ದರು. ಅಮರಗುಂಡಪ್ಪ ಅಮೆರಿಕ ಕಂಡದ್ದು ರಾಯಚೂರಿನ ಡೇರೆ ಸಿನಿಮಾದಲ್ಲಿ, ಎರಡೂವರೆ ಚಿತ್ರದಷ್ಟು. ಉಳಿದರ್ಧ ನೋಡುವ ಮೊದಲೇ ರೀಲು ಸುಟ್ಟುಹೋಗಿತ್ತು.

"ಯಕ್ಕಾ, ನಿನ್ನ ಖಾನಾವಳಿ ಸ್ವಲ್ಪ ದಿನ ಅಮೆರಿಕಾ ಆಗಬೇಕು. ನಾ ಕಣ್ಣಿಲೆ ಕಾಣದ್ದು ಬರಿಯಾಂವ ಅಲ್ಲ."

"ಆಗಲಿ ತಗೋ. ಆದ್ರ ನನ್ನ ಒಲಿ ಮಾತ್ರ ಮಸ್ಕ್ಯಾಗ ಇರಬೇಕು," ಎಂದಳು ಕಸ್ತೂರೆಮ್ಮ.

ಅಮರಗುಂಡಪ್ಪ ಗಿರಣಿಗೆ ರಜೆ ಹಾಕಿದ, ಮರುದಿನವೇ ಕೆಲಸ ಶುರುವಾಯಿತು. ಎದೆಮಟ್ಟದ ಒಂದು ಹಲಗೆ, ಅದರ ಮುಂದೆ ಕೂಡಲು ಎತ್ತರದ ಮರದ ದಿಮ್ಮಿಗಳು. ಹುಟ್ಟಿದಾಗಿನಿಂದ ನೆಲಕ್ಕೆ ಕೂತು ಉಂಡ ಗಿರಾಕಿಗಳು ದಿಮ್ಮಿ ಏರಿ ಅಲ್ಲೂ ಚಕ್ಕಳಮಕ್ಕಳ ಹಾಕಿದರು. ಹೊರಗಿನಿಂದ ನೋಡಿದವರಿಗೆ ಕೋಳಿ ಗೂಡಿನಂತೆ ಕಾಣುತ್ತಿತ್ತು. ಇದ್ದ ಬಾಗಿಲು ಕೀಳಿಸಿ, ಸಿನಿಮಾದಲ್ಲಿದ್ದಂತೆ ದೂಡಿದರೆ ಅತ್ತಿತ್ತ ಆಡುವ ಅರ್ಧ ಬಾಗಿಲು ಹಚ್ಚಿಸಿದ. ಅದನ್ನು ದೂಡಿಕೊಂಡು ಮೊದಲು ಒಳಗೆ ಬಂದದ್ದು ಪಕ್ಕದ ಮನೆಯ ಮೀರಾಬಿಯ ಎಮ್ಮೆ. ಬಂದದ್ದೇ ಹಲಗೆಗೆ ಗದ್ದ ಆನಿಸಿ ನಿಂತಿತು.

"ಅಕ್ಕಾ, ನಿಮ್ಮ ಅಮೆರಿಕಾದಾಗ ಎಮ್ಮಿ ಹೆಂಡಿ ಯಾರು ಬಳೀತಾರ?" ಎಂದ ಜಿಲಾನಿಸಾಬ.

ಇದ್ಯಾವುದಕ್ಕೂ ಅಮರಗುಂಡಪ್ಪ ಜಗ್ಗಲಿಲ್ಲ. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಊಟಕ್ಕೆ ಕೂತವರ ಮುಂದೆ ಓದುತ್ತಿದ್ದ. ಕಥಾನಾಯಕಿ ರೋಜಿ. ಆಕೆಯ ಊಟದ ಮನೆಯಲ್ಲಿ ಕಂಠ ಒಡೆದ ತಂಬಿಗೆಯಿತ್ತು, ಗೋಡೆಯಲ್ಲಿ ಕೃಷ್ಣಾ ನದಿಯಂಥ ಬಿರುಕಿತ್ತು, ಆ ಬಿರುಕಿನಲ್ಲಿ ಬಾಲವಿಲ್ಲದ ಹಲ್ಲಿಯಿತ್ತು. ಅಮೆರಿಕದ ಫೌಜದಾರ ಪಿಸ್ತೂಲು ಬಿಚ್ಚಿಟ್ಟು, ಕಾಲು ತೊಳೆದುಕೊಂಡು ಪುಂಡಿಪಲ್ಯ ಉಣ್ಣುತ್ತಿದ್ದ. ಇಷ್ಟೆಲ್ಲ ತಮ್ಮ ಕಣ್ಣ ಮುಂದೆಯೇ ಇರುವಾಗ, ಕೇಳುವವರಿಗೆ ಅದು ಕಥೆ ಅನ್ನಿಸುವುದಾದರೂ ಹೇಗೆ? ಗಿರಾಕಿಗಳು ಅದನ್ನು ಖಾನಾವಳಿಯ ವರದಿ ಎಂದೇ ಕೇಳತೊಡಗಿದರು. ರೋಜಿ ಅಂದರೆ ತಾನೇ ಎಂದು ಕಸ್ತೂರೆಮ್ಮನಿಗೂ ಹಿಗ್ಗು. ರೋಜಿಯ ಬಣ್ಣ ಇನ್ನೊಂದಿಷ್ಟು ತಿಳಿ ಮಾಡಿಸಿದಳು.

ಕೊನೆಯ ಅಧ್ಯಾಯ ಓದಿದ ದಿನ ಎಲ್ಲ ಕೆಟ್ಟಿತು. ಅಗಲ ಟೋಪಿಯ ವೀರ ಜಾಕ್ ಕುದುರೆ ಏರಿ ಬಂದ. ರೋಜಿ ಊಟದ ಮನೆಗೆ ಬೀಗ ಜಡಿದು, ಅವನ ಬೆನ್ನ ಹಿಂದೆ ಕೂತು, ಮುಳುಗುವ ಸೂರ್ಯನ ಕಡೆ ಹೊರಟೇಹೋದಳು.

ಮರುದಿನ ಹಾಲಿನವನು ಬರಲಿಲ್ಲ. ತಿಂಗಳ ಊಟದವರೆಲ್ಲ ಹಳ್ಳದ ದಂಡೆಯ ಹೊಸ ಹೋಟೆಲಿನಲ್ಲಿ ಹೆಸರು ಹಚ್ಚಿ ಬಂದಿದ್ದರು. ಮಧ್ಯಾಹ್ನ ಮೀರಾಬಿ ಬಂದು ಬೀಸುಕಲ್ಲಿನ ಸುತ್ತ ಎರಡು ಸಲ ತಿರುಗಿದಳು.

"ಏನಬೇ?"

"ಏನಿಲ್ಲಬೇ. ಇಷ್ಟು ಭಾರದ್ದು ಕುದುರಿ ಮ್ಯಾಲ ಒಯ್ಯಾಕ ಆಗಂಗಿಲ್ಲ. ಅದಕ್ಕ ನಾ ಇಟಗೊಂಡಿರ್ತೀನಿ. ಅವರ ಮನಿಯಾಗ ಬ್ಯಾರೇದು ಇದ್ದೇ ಇರತೈತಿ."

"ಯಾರ ಮನಿಯಾಗ?"

"ಟೋಪಿಯವರ ಮನಿಯಾಗ," ಎಂದು ಮೀರಾಬಿ ಸೆರಗು ಬಾಯಿಗೆ ಹಿಡಿದಳು.

ಮಸ್ಕಿಯಲ್ಲಿ ಅಂಥ ಅಗಲ ಟೋಪಿ ಇದ್ದದ್ದು ಒಬ್ಬರಿಗೇ. ಕಾಲುವೆ ಅಳತೆಗೆ ಬಂದು ಕೋಣೆ ಹಿಡಿದು, ಕಸ್ತೂರೆಮ್ಮನ ಕಡೆಯೇ ಉಣ್ಣುತ್ತಿದ್ದ ಓವರ್ಸಿಯರ್ ಮರಿಸ್ವಾಮಿ. ಮದುವೆಯಾಗದ, ನಾಚಿಕೆಯ ಮನುಷ್ಯ. ತುಂಗಭದ್ರೆಯ ನೀರು ದಢೇಸುಗೂರಿನ ಗದ್ದೆಗಳಿಗೆ ಬರುವ ಮೊದಲೇ ಈ ಸುದ್ದಿ ಅಲ್ಲಿಗೆ ಮುಟ್ಟಿ, ಕಾಲುವೆ ಅಗೆಯುವವರು "ಸಾಹೇಬ್ರ, ಕುದುರಿ ಯಾವಾಗ ಬರತೈತ್ರಿ?" ಎಂದು ಕೇಳಿದ್ದರು. ಮರಿಸ್ವಾಮಿ ನಾಚಿ ಖಾನಾವಳಿಯ ದಾರಿಯನ್ನೇ ಬಿಟ್ಟರು.

ಕಸ್ತೂರೆಮ್ಮ ಖಾಲಿ ದಿಮ್ಮಿಗಳನ್ನು ನೋಡುತ್ತ ನಿಂತಳು. ಗಂಡ ಹೋದ ಮೇಲೆ ಕಟ್ಟಿದ ಬದುಕು, ಹುಟ್ಟದೇ ಇದ್ದ ಒಂದು ಕುದುರೆಯ ಬೆನ್ನ ಮೇಲೆ ಹೊರಟು ನಿಂತಿತ್ತು. ಉಣ್ಣಲು ಬಂದವರು ಇಬ್ಬರೇ: ತಮ್ಮ ಮತ್ತು ಜಿಲಾನಿಸಾಬ.

"ಏ ಗುಂಡಪ್ಪ, ಆ ಜಾಕನ್ನ ಕುದುರಿಯಿಂದ ಇಳಸು."

"ಆಗಂಗಿಲ್ಲ ಯಕ್ಕಾ. ಎರಡೂ ಸಿನಿಮಾದಾಗ ಹಂಗ ಹೋಗ್ಯಾರ."

"ಮತ್ತ ಆ ಅರ್ಧ ನೋಡಿದ್ದು?"

"ಅದರ ಕೊನಿ ನಾ ನೋಡಿಲ್ಲ."

"ಹಂಗಾರ ಅದರಾಗ ಅಂವ ಹೋಗಿಲ್ಲ. ಕುದುರಿ ಕಂಬಕ್ಕ ಕಟ್ಟಿ, ಕೈ ತೊಳಕೊಂಡು, ಒಲಿ ಮುಂದ ಕುಂತು ರೊಟ್ಟಿ ಬಡದಾನ. ಹಂಗ ಬರಿ."

"ಟೋಪಿ ಹಾಕ್ಕೊಂಡ ಗಂಡಸು ರೊಟ್ಟಿ ಬಡಿಯೂದು ನಾ ಎಲ್ಲೂ ಕಂಡಿಲ್ಲ. ಕಾಣದ್ದು ಹೆಂಗ ಬರೀಲಿ?"

ಕಸ್ತೂರೆಮ್ಮ ಅವನ ಮುಂದಿನ ತಾಟು ಎತ್ತಿದಳು. ಅದರಲ್ಲಿ ಎಣ್ಣೆಗಾಯಿ ಹಾಗೇ ಇತ್ತು, ತುತ್ತು ಅವನ ಕೈಯಲ್ಲೇ ಉಳಿಯಿತು. "ಏಳು. ಕಂಡ ಮ್ಯಾಲ ಉಣ್ಣಾಕ ಬಾ."

ಅಮರಗುಂಡಪ್ಪ ಕೈ ನೆಕ್ಕುತ್ತ ಎದ್ದು ಹೋದ. ಜಿಲಾನಿಸಾಬ ಮೆಲ್ಲಗೆ, "ಅಕ್ಕಾ, ಅರ್ಧ ಊಟಕ್ಕ ಒಬ್ಬಾಂವ ಎದ್ದಂಗಾತು ನೋಡ್ರಿ," ಎಂದ.

"ಅಂವ ಗಿರಾಕಿ ಅಲ್ಲ, ತಮ್ಮ. ನೀ ಬಾಯಿ ಮುಚಗೊಂಡು ಉಣ್ಣು," ಎಂದಳೇನೋ ಸರಿ. ಆದರೆ ಅಂದಿನಿಂದ ಅಶೋಕನ ಮಾತನ್ನು ಮಾತ್ರ ತಾಟಿಗೆ ಹಾಕಲಿಲ್ಲ.

ಸೀರೆ ಕೊಡವಿಕೊಂಡು ಆಕೆ ನೇರ ಓವರ್ಸಿಯರರ ಕೋಣೆಗೆ ಹೋದಳು. ಕಿಟಕಿಯಿಂದ ಆಕೆಯನ್ನು ಕಂಡದ್ದೇ ಮರಿಸ್ವಾಮಿ ಒಳಗಿನಿಂದ ಚಿಲಕ ಹಾಕಿಕೊಂಡರು.

"ಸಾಹೇಬ್ರ, ನಿಮ್ಮನ್ನ ಒಯ್ಯಾಕ ಬಂದಿಲ್ರೀ. ನನ್ನ ಕಡೆ ಕುದುರಿನೂ ಇಲ್ಲ. ನಾಕು ರೊಟ್ಟಿ ಬಡದು ಕೊಡ್ರಿ, ಸಾಕು."

"ನನಗ ಬರಂಗಿಲ್ರೀ," ಎಂದಿತು ಬಾಗಿಲು.

"ಬರದಿದ್ರ ನಡೀತೈತಿ. ಟೋಪಿ ಮಾತ್ರ ತಗೀಬ್ಯಾಡ್ರಿ. ಪುಂಡಿಪಲ್ಯ ಮಾಡೀನಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ."

ಹೊಸ ಹೋಟೆಲಿನ ರೊಟ್ಟಿ ತಿಂದು ತಿಂದು ಮರಿಸ್ವಾಮಿಯವರ ದವಡೆ, ಕಲ್ಲು ಒಡೆಯುವ ಕೂಲಿಯ ತೋಳಿನಂತೆ ದಪ್ಪಗಾಗಿತ್ತು. ಚಿಲಕ ತಾನಾಗಿ ತೆರೆಯಿತು.

ಟೋಪಿ ಹಾಕಿದ ಸಾಹೇಬರು ಒಲೆ ಮುಂದೆ ಕೂತಿದ್ದಾರೆಂಬ ಸುದ್ದಿಗೆ ಇಡೀ ಮಸ್ಕಿಯೇ ಮನೆ ಬಾಗಿಲು ಹಾಕಿಕೊಂಡು ಬಂತು. ಮೊದಲ ರೊಟ್ಟಿ ಕಾಲುವೆಯ ನಕ್ಷೆಯಂತಿತ್ತು, ತೂಬು ಸಹಿತ. ಎರಡನೆಯದನ್ನು ಮೀರಾಬಿಯ ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತು. ನೋಡಲು ಬಂದವರಿಗೆ ನಗುನಗುತ್ತ ಹಸಿವಾಯಿತು. ಹಸಿದವರು ಕೂತರು. ಕೂತವರಿಗೆ ಕಸ್ತೂರೆಮ್ಮ ತಾನು ಬಡಿದದ್ದನ್ನು ಹಾಕಿದಳು. ಅಮರಗುಂಡಪ್ಪ ದಿಮ್ಮಿಯ ಮೇಲೆ ಕೂತು, ಕಂಡದ್ದನ್ನು ಕಂಡಂತೆ ಬರೆದು, ಅಲ್ಲೇ ಎದ್ದು ನಿಂತು ಓದಿದ: ಜಾಕ್ ಕುದುರೆ ಕಟ್ಟಿದ, ರೋಜಿ ಬೀಗ ತೆಗೆದಳು.

ಸಂಜೆಗೇ ಹಾಲು ಬಂತು. ಮರುದಿನ ತಿಂಗಳ ಊಟದವರು ಬಂದರು. ಮೀರಾಬಿ ಬೀಸುಕಲ್ಲಿನ ಮಾತೇ ಎತ್ತಲಿಲ್ಲ. ಮರಿಸ್ವಾಮಿ ಮಾತ್ರ ರಜೆಯ ದಿನಗಳಲ್ಲಿ ಒಲೆ ಮುಂದೆ ಕೂಡುವುದನ್ನು ಬಿಡಲಿಲ್ಲ. ರೊಟ್ಟಿಯೂ ದಿನೇ ದಿನೇ ದುಂಡಗಾಯಿತು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದರೆ ತಾಟಿಗೆ ಪಲ್ಯ ಕಡಿಮೆ ಬೀಳಬಹುದೆಂಬ ಭಯವಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಗದಗಿನ ಪ್ರಕಾಶಕರು ತಾವೇ ಬಸ್ಸಿಳಿದು ಬಂದರು. ದಿಮ್ಮಿ ಒಲ್ಲೆನೆಂದು ನೆಲಕ್ಕೆ ಕೂತರು. ರೊಟ್ಟಿ ಬಂದಂತೆ ಉಣ್ಣುತ್ತ, ಬೇಕಾದಷ್ಟು ಹೊಗಳಿ, ಅಮರಗುಂಡಪ್ಪನ ಕಡೆ ತಿರುಗಿದರು.

"ಕಾದಂಬರಿ ಛಲೋ ಐತಿ. ಕೊನಿ ಬದಲಸ್ರಿ. ಟೋಪಿ ಹಾಕ್ಕೊಂಡ ವೀರ ರೊಟ್ಟಿ ಬಡಿತಾನಂದ್ರ ಯಾರು ನಂಬ್ತಾರ? ಹುಡುಗಿನ್ನ ಕುದುರಿ ಹತ್ತಿಸಿ ಕಳಿಸಿಬಿಡ್ರಿ."

ಖಾನಾವಳಿಯಲ್ಲಿ ಬಾಯಿಗಳೆಲ್ಲ ನಿಂತವು. ಹಾಲಿನವನು ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತ. ಅಮರಗುಂಡಪ್ಪ ಅಕ್ಕನ ಮುಖ ನೋಡಿದ. ಅಷ್ಟರಲ್ಲಿ ಒಳಗಿನಿಂದ ಹಿಟ್ಟು ಮೆತ್ತಿದ ಅಗಲ ಟೋಪಿಯೊಂದು ಇಣುಕಿ, "ಗದಗಿನವರಿಗೆ ಇನ್ನೊಂದು ಬಿಸೀದು ಹಾಕ್ಲೇನ್ರೀ?" ಎಂದಿತು.

ಕಸ್ತೂರೆಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಕಳಸೂಣಂತ್ರೀ, ಅದಕ್ಕೇನು. ನೀವು ಕೈಯಾಗ ಹಿಡಕೊಂಡ ಆ ರೊಟ್ಟಿ ಬಡದವರು ಆ ಟೋಪಿಯವರೇ. ಅದನ್ನ ಕೆಳಗಿಟ್ಟು ಇನ್ನೊಮ್ಮೆ ಹೇಳ್ರಿ, ಈಗಿಂದೀಗ ಕುದುರಿ ತರಸ್ತೀನಿ."