ಸೊಸೆಯ ದನಿಯಲ್ಲಿ ಅತ್ತೆಯ ಮಾತು

ಸೊಸೆಯನ್ನು ಹೊಗಳುವ ಮಾವನನ್ನು ಕಂಡರೆ ಜನ ನಗುತ್ತಾರೆ. ನಗಲಿ ಬಿಡಿ. ಆಯುಷ್ಯವೆಲ್ಲ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹೊಗಳಿಕೆ ಬಾಯಿಗೆ ಬರುವುದು ಅಪರೂಪ. ಬಂದಾಗ ಹೇಳಿಬಿಡಬೇಕು.

ನನ್ನ ಹೆಂಡತಿ ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿದ್ದಳು. ಹಾಳೆಯಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೂ ಅವಳ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅಲ್ಲಿಯವರು ಅವಳಿಗೆ ದೀರ್ಘದಮ್ಮ ಎಂದೇ ಹೆಸರಿಟ್ಟಿದ್ದರು. ಮನೆಯಲ್ಲೂ ಅದೇ ಬುದ್ಧಿ. ನನ್ನ ಮಾತು, ಮಗನ ಕ್ರಾಪು, ಸೊಸೆ ಬಟ್ಟೆ ಮಡಿಸುವ ರೀತಿ, ಎಲ್ಲಕ್ಕೂ "ತಪ್ಪು" ಅನ್ನುವಳು. ಹೊಸತರಲ್ಲಿ ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ ಸಂಬಂಧ. ಸೊಸೆಗೂ ಬಾಯಿ ಕಮ್ಮಿಯೇನಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟವಳು, ವಿಡಿಯೊ ನೋಡಿ ನೋಡಿ ವೆಬ್ ಪುಟ ಮಾಡುವುದನ್ನು ಕಲಿತಳು. ಊಟದ ಮೇಜಿನ ಮೂಲೆಯಲ್ಲಿ ಕೂತು ಟೈರ್ ಅಂಗಡಿಗೆ, ಟೈಲರಿಗೆ, ಬೀಗ ರಿಪೇರಿಯವನಿಗೆ ಪುಟ ಕಟ್ಟಿಕೊಡುತ್ತಾಳೆ. ಕೆಲಸದ ಜೊತೆಗೆ ಕಂಪ್ಯೂಟರನ್ನು ಬೈಯುತ್ತಲೂ ಇರುತ್ತಾಳೆ. ಮಗ ಲಾರಿ ತೆಗೆದುಕೊಂಡು ಹೋದ ದಿನಗಳಲ್ಲಿ ನಮ್ಮ ಮನೆಯಲ್ಲಿ ಇರುವ ಗಲಾಟೆ ಅದೊಂದೇ.

ಹೋದ ವರ್ಷ ಹೆಂಡತಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೇಳುವುದು, ಓದುವುದು ಉಳಿಯಿತು. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರ ಕೂಡುತ್ತಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ತುತ್ತು ಹಿಡಿದರೆ ತುಟಿ ಬಿಗಿ. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿಹೋಗಿತ್ತು.

ಆಗ ಸೊಸೆ ಒಂದು ಪುಟ ಮಾಡಿದಳು. ಟ್ಯಾಬ್ಲೆಟ್ಟಿನಲ್ಲಿ ಚಿತ್ರಗಳು, ಅಡಿಯಲ್ಲಿ ಪದ. ಒತ್ತಿದರೆ ಆ ಪದವನ್ನು ಹೇಳುತ್ತದೆ, ಸೊಸೆಯದೇ ದನಿಯಲ್ಲಿ. ನೀರು, ನೋವು, ದಿಂಬು. ಮೊದಲ ದಿನ ಹೆಂಡತಿ ಮುಟ್ಟಲೇ ಇಲ್ಲ. ಸೊಸೆ ಏನು ಮಾಡಿದಳು ಗೊತ್ತೆ? "ತಪ್ಪು" ಎಂಬ ಬಟನ್ ಸೇರಿಸಿ ತಂದಳು.

"ತಗೊಳ್ಳಿ ಅತ್ತೆ, ಇದಿಲ್ದೆ ನಿಮಗೆ ಹೊತ್ತು ಹೋಗಲ್ಲ."

ಹೆಂಡತಿಯ ಸೊಟ್ಟ ತುಟಿಯಲ್ಲಿ ನಗು ಬಂತು. ಅವತ್ತಿನಿಂದ ನಾನು ಚಾದರ ಹೊದಿಸಿದರೆ ತಪ್ಪು, ಕಿಟಕಿ ತೆರೆದರೆ ತಪ್ಪು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂತು, ಒಂದೇ ದನಿಯಲ್ಲಿ. ಬೈಸಿಕೊಳ್ಳಲು ನಾನೊಬ್ಬ. ದೇವರೇ, ಎಷ್ಟು ಖುಷಿಯಾಗಿತ್ತು ನನಗೆ!

ಅಷ್ಟಕ್ಕೇ ನಿಲ್ಲಿಸಬಾರದೆ? ಒಂದೊಂದೇ ಪದ ಸಾಲದು, ಅತ್ತೆ ಪದ ಪೋಣಿಸಿ ಮಾತಾಡಬೇಕು ಅಂತ ಸೊಸೆಯ ಆಸೆ. ಹೊಸದೊಂದು ಫ್ರೇಮ್‌ವರ್ಕ್, ಅಂದರೆ ಬಸ್ಸಿಗೆ ಚಾಸಿ ಇದ್ದಂತೆ ಪುಟಕ್ಕೊಂದು ಸಿದ್ಧ ಚೌಕಟ್ಟು, ಇನ್‌ಸ್ಟಾಲ್ ಮಾಡಿ ಪುಟವನ್ನೆಲ್ಲ ಅದರ ಮೇಲೆ ಕಟ್ಟಿದಳು. ಪದಗಳನ್ನೂ ಹೆಚ್ಚಿಸಿದಳು: ಗಂಡ, ಮಗ, ಸೊಸೆ, ಮಗಳು. ನಮಗೆ ಮಗಳಿಲ್ಲ, ಇರಲಿ ಅಂತ ಹಾಕಿದ್ದಳು. ಅವಳ ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿ ಓಡಿತು. ಬೆಳಿಗ್ಗೆ ಹೆಂಡತಿ ಟ್ಯಾಬ್ಲೆಟ್ಟಿನಲ್ಲಿ "ನೀರು" ಒತ್ತಿದಳು. ಸದ್ದಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಚಿತ್ರಗಳು ಇದ್ದಲ್ಲೇ ಇವೆ, ಮಾತು ಮಾತ್ರ ಇಲ್ಲ. ಟ್ಯಾಬ್ಲೆಟ್ಟನ್ನು ದೂಡಿ ಮತ್ತೆ ಗೋಡೆಯ ಕಡೆ ತಿರುಗಿದಳು.

"ಓಡೋ ಬಂಡಿಗೆ ಯಾಕಮ್ಮ ಕೈ ಹಾಕ್ದೆ? ಇರಲಾರದೆ ಇರುವೆ ಬಿಟ್ಕೊಂಡ್ಯಲ್ಲ! ಹಳೇದನ್ನೇ ಹಾಕು" ಎಂದು ಕೂಗಾಡಿದೆ.

"ಹಳೇದರ ಮೇಲೇ ಹೊಸದು ಹಾಕ್ಬಿಟ್ಟೆ ಮಾವ. ಅದು ಅಳಿಸಿಹೋಯ್ತು."

"ಏನಾಗಿದೆ ಅಂತಾದ್ರೂ ಹೇಳು."

"ಸ್ಕ್ರಿಪ್ಟ್ ಲೈಬ್ರರಿ ಸಿಗ್ತಿಲ್ಲ ಅಂತಿದೆ. ಬಟನ್ ಒತ್ತಿದ್ರೆ ಏನಾಗ್ಬೇಕು ಅಂತ ಯಾರೋ ಮೊದಲೇ ಬರೆದಿಟ್ಟಿರೋ ಫೈಲುಗಳು ಅವು. ಫ್ರೇಮ್‌ವರ್ಕ್ ಜೊತೇಲೇ ಬರುತ್ವೆ."

"ಬಾಡಿ ಇದೆ, ಇಂಜಿನ್ ಇಲ್ಲ ಅನ್ನು."

"ಇಂಜಿನ್ನೂ ಇದೆ ಮಾವ! ಅಲ್ಲೇ ಕೂತಿದೆ, ನನ್ ಕಣ್ಣಿಗೆ ಕಾಣ್ತಿದೆ. ಇದು ಮಾತ್ರ ಇಲ್ಲ ಇಲ್ಲ ಅಂತಿದೆ, ದರಿದ್ರದ್ದು."

ಫ್ರೇಮ್‌ವರ್ಕನ್ನು ಅಳಿಸಿ ಮತ್ತೆ ಹಾಕಿದಳು. ಟ್ಯಾಬ್ಲೆಟ್ಟನ್ನು ಆರಿಸಿ ಹೊತ್ತಿಸಿದಳು. ಏನೂ ಆಗಲಿಲ್ಲ. ತಿಂಡಿ ಬಿಟ್ಟಳು, ಊಟ ಬಿಟ್ಟಳು. ಒಳಗೆ ಹೆಂಡತಿಯೂ ಬಾಯಿ ತೆರೆಯಲಿಲ್ಲ. ಇಬ್ಬರ ನಡುವೆ ತಟ್ಟೆ ಹಿಡಿದು ಓಡಾಡಿ ನಾನು ಸುಸ್ತಾದೆ.

ಕೊನೆಗೆ ಸೊಸೆ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ಅತ್ತೆಯ ಮಂಚದ ಮೇಲೇ ಕೂತಳು. "ಈ ಕಡೆ ತಿರುಗಿ ಅತ್ತೆ. ನೀವು ಹಾಗೆ ಮಲಗಿದ್ರೆ ನನಗೆ ಕೈಯೇ ಓಡಲ್ಲ." ಪುಟ ಹುಡುಕುತ್ತಿದ್ದ ವಿಳಾಸ ಒಂದು ಸಾಲು, ಫೈಲುಗಳು ಇದ್ದ ವಿಳಾಸ ಒಂದು ಸಾಲು. ಒಂದರ ಕೆಳಗೊಂದು ಇಟ್ಟು ಗಟ್ಟಿಯಾಗಿ ಓದಿದಳು.

"ಸ್ಕ್ರಿಪ್ಟ್ಸ್. ಸ್ಕ್ರಿಪ್ಟ್ಸ್. ಎರಡೂ ಒಂದೇ ತಾನೆ ಮಾವ?"

ಒಂದೇ ಅಂದೆ. ಹೆಂಡತಿ ಮೆಲ್ಲಗೆ ಹೊರಳಿದಳು. ಎರಡು ಸಾಲು ಜೊತೆಗಿದ್ದರೆ ಅವಳ ಕಣ್ಣು ಸುಮ್ಮನಿರುವುದಿಲ್ಲ. ಎಡಗೈ ಚಾಚಿ ಮೇಲಿನ ಪದದ ಮೊದಲ ಅಕ್ಷರವನ್ನು ಬೆರಳಿನಿಂದ ಕುಟ್ಟಿದಳು, ಆಮೇಲೆ ಕೆಳಗಿನದನ್ನು ಕುಟ್ಟಿದಳು.

ಒಂದು ಇಂಗ್ಲಿಷಿನ ಸಣ್ಣ ಎಸ್, ಇನ್ನೊಂದು ದೊಡ್ಡ ಎಸ್! ನಮ್ಮ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ, ಕಿವಿಗೆ ಒಂದೇ ಆದರೆ ಒಂದೇ ಎಂದುಕೊಳ್ಳುತ್ತೇವೆ. ಸೊಸೆಯ ಕಂಪ್ಯೂಟರೂ ಹಾಗೇ ಹೊಂದಿಕೊಂಡು ಹೋಗಿತ್ತು. ಟ್ಯಾಬ್ಲೆಟ್ಟಿಗೆ ಪುಟ ಕಳಿಸುವ ದೂರದ ಸರ್ವರ್ ಮಾತ್ರ ನನ್ನ ಹೆಂಡತಿಯ ಪೈಕಿ, ಒಂದಕ್ಷರಕ್ಕೂ ಬಿಡುವುದಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು!" ಎನ್ನುತ್ತ ಸೊಸೆ ತಿದ್ದಿದಳು. ಹೆಂಡತಿ ಟ್ಯಾಬ್ಲೆಟ್ಟನ್ನು ಎಳೆದುಕೊಂಡು ಒಂದೊಂದಾಗಿ ಒತ್ತಿದಳು.

"ಮಗಳು. ಊಟ. ಮಾಡು."

"ಸೊಸೆ" ಎಂಬ ಬಟನ್ ಪಕ್ಕದಲ್ಲೇ ಇತ್ತು. ಅದನ್ನು ಬಿಟ್ಟಿದ್ದಳು. ಸೊಸೆ ತನ್ನದೇ ದನಿಯನ್ನು ಕೇಳುತ್ತ ಬಾಯಿ ತೆರೆದು ಕೂತಳು. ಅಷ್ಟರಲ್ಲಿ ಹೆಂಡತಿ ಮತ್ತೆ ಒತ್ತಿದಳು. "ಮಗಳು. ತಪ್ಪು."

ಹುಡುಗಿಯ ಮುಖ ಬಾಡಿತು. "ಇರ್ಲಿ ಬಿಡಿ ಅತ್ತೆ, ಕೈ ತಪ್ಪಿ ಒತ್ತಿದ್ರೇನೋ" ಎಂದು ಏಳಲು ಹೋದಳು. ಹೆಂಡತಿ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಗಂಟಲಲ್ಲೇ ಗದರುತ್ತ, "ಮಗಳು" ಎಂಬುದರ ಕೊನೆಯ ಕೊಂಬನ್ನು ಬೆರಳಿನಿಂದ ಹೊಡೆದುಹಾಕಿದಳು. ಅಲ್ಲೇ ಮೇಲೊಂದು ಎತ್ವ ಎಳೆದಳು, ಪಕ್ಕಕ್ಕೊಂದು ದೀರ್ಘ ಎಳೆದಳು.

"ಅಯ್ಯೋ ಪೆದ್ದಿ, ನಿನ್ನ ತಪ್ಪು ಅಂದಿಲ್ಲ ಕಣಮ್ಮ" ಎಂದೆ ನಾನು. "ಕರೆಯೋವಾಗ ಮಗಳು ಅನ್ನಬಾರ್ದು, ಮಗಳೇ ಅನ್ಬೇಕು ಅಂತಿದಾಳೆ. ದೀರ್ಘ ಬಿಟ್ಟಿದ್ದೀಯ!"

ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಆಮೇಲೆ ಸೊಸೆ ಹೊಸ ಬಟನ್ನಿಗೆ ದನಿ ಕೊಡಲು ಕೂತಳು. ಹೇಳಲು ಹೋದಾಗಲೆಲ್ಲ ಅರ್ಧಕ್ಕೇ ನಿಲ್ಲಿಸಿ ಮೂಗೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಹೇಗೋ ಆಯಿತು, ಆದರೆ ಅದರಲ್ಲಿ ಅಳು ಕೇಳಿಸುತ್ತದೆ. ಇನ್ನೊಮ್ಮೆ ಹೇಳಿ ಸರಿ ಮಾಡುತ್ತೇನೆ ಎಂದರೆ ಹೆಂಡತಿ "ಬೇಡ" ಒತ್ತುತ್ತಾಳೆ. ಲೋಕದಲ್ಲಿರುವುದನ್ನೆಲ್ಲ ತಿದ್ದುವ ನನ್ನ ದೀರ್ಘದಮ್ಮ ಅದೊಂದನ್ನು ತಿದ್ದಲು ಬಿಟ್ಟಿಲ್ಲ.

ನನ್ನ ಹೆಂಡತಿಯನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿದವಳು ಈ ಹುಡುಗಿ. ಅವಳ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ. ಬೆಳಗಾದರೆ ಒಳಕೋಣೆಯಿಂದ ಸೊಸೆಯ ದನಿಯೇ ಸೊಸೆಯನ್ನು "ಮಗಳೇ" ಎಂದು ಕರೆಯುತ್ತದೆ. ಅಡುಗೆಮನೆಯಿಂದ ಅದೇ ದನಿ "ಬಂದೆ ಅತ್ತೆ" ಎನ್ನುತ್ತದೆ.