ಎಂಟನೆಯ ಹಾಡು

ಯಜಮಾನರ ಅಂಗಿಯ ಕಾಲರು ಎಡಗಡೆ ಮಾತ್ರ ಸವೆದು ನೂಲು ಬಿಟ್ಟಿರುತ್ತಿತ್ತು. ಬಲಗಿವಿ ಕೇಳಿಸುತ್ತಿರಲಿಲ್ಲ. ಹಾಡು ಹಚ್ಚಿದರೆ ಎಡಗಿವಿಯನ್ನು ಸ್ಪೀಕರಿನ ಕಡೆ ಬಾಗಿಸಿ, ಗಲ್ಲ ಭುಜಕ್ಕೆ ತಾಗುವಂತೆ ಕೂರುತ್ತಿದ್ದರು. ಎಡಗಡೆ ಎಂದು ಬರೆದಿದ್ದೇನೆ, ಬಲಗಡೆಯೂ ಇದ್ದೀತು. ಎಲ್ಲವನ್ನೂ ಹೊಂದಿಸಿಡುವ ಚಟ ನನ್ನ ನೆನಪಿಗಿದೆ.

ಹೊಳಲ್ಕೆರೆಯಲ್ಲಿ, ಚಿಕ್ಕಜಾಜೂರಿಗೆ ಹೋಗುವ ರಸ್ತೆಯಲ್ಲಿ ಅವರ ಮೈಕ್‌ಸೆಟ್ ಅಂಗಡಿ. ಮದುವೆ, ಗಣಪತಿ, ಚುನಾವಣೆ ಎಲ್ಲಕ್ಕೂ ಅವರದೇ ಸೆಟ್ಟು. ನಾನು ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತ, ಪ್ರತಿ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪತ್ರಿಕೆಗೆ ವರ್ಷದ ಹತ್ತು ಒಳ್ಳೆಯ ಆಲ್ಬಂಗಳ ಪಟ್ಟಿ ಬರೆಯುತ್ತಿದ್ದೆ. ಅಂಥದೇ ಪಟ್ಟಿ ಬರೆಯುವ ವಿಮರ್ಶಕರು ಇನ್ನೂ ನಾಲ್ವರಿದ್ದರು. ಯಜಮಾನರು ಐದನ್ನೂ ಜೆರಾಕ್ಸ್ ಮಾಡಿಸಿ, ಮೈದಾ ಅಂಟು ಹಚ್ಚಿ ಅಂಗಡಿಯ ಗೋಡೆಗೆ ಸಾಲಾಗಿ ಅಂಟಿಸುತ್ತಿದ್ದರು. ಒಂದೇ ಹೆಸರು ಎರಡು ಕಡೆ ಕಂಡರೆ ನಡುವೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಆಮೇಲೆ ಫೋನನ್ನು ಸ್ಪೀಕರಿಗೆ ಜೋಡಿಸಿ ಒಂದೊಂದನ್ನೇ ಮೊದಲಿನಿಂದ ಕೊನೆಯವರೆಗೆ ಕೇಳುವುದು. ನಡುವೆ ಗಿರಾಕಿ ಬಂದರೆ ಬೆಂಚು ತೋರಿಸುವರು: "ಕುಂತ್ಕಳ್ರಿ, ಇನ್ನೆರಡು ಹಾಡು ಅವೆ."

"ಮದ್ವೆ ಮನೇರು ಕೇಳೋದು ಸಿನಿಮಾ ಹಾಡು. ಇದನ್ನ ಹಚ್ಚಿ ಗೋಡೆ ಯಾಕೆ ಹಾಳ್ಮಾಡ್ತೀರಿ?" ಎಂದು ಅವರ ಹೆಂಡತಿ ಕೇಳುತ್ತಿದ್ದರು.

"ಗೋಡೆ ನಂದು, ಕಿವಿ ನಂದು."

"ಅದೂ ಒಂದೇ ಕಿವಿ!"

ಐದೂ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಅವರಿಗೆ ಅನುಮಾನ. "ಒಬ್ಬ ಕೇಳ್ಯಾನೆ, ಉಳಿದೋರು ಅವನು ಬರ್ದಿದ್ದನ್ನ ಓದ್ಯಾರೆ ಅಷ್ಟೇ. ನಿಮ್ದೊಂದು ನಂಬ್ತೀನಿ ನೋಡ್ರಿ ಮೇಷ್ಟ್ರೆ." ಗೋಡೆಯ ಮೇಲೆ ನನ್ನದೇ ಮೊದಲು. ಪತ್ರಿಕೆಯಲ್ಲಿ ಹೆಸರು ಬರುವುದಕ್ಕಿಂತ ಆ ಜಾಗ ನನಗೆ ದೊಡ್ಡದಾಗಿತ್ತು.

ಆ ವರ್ಷ ಒಂದು ವಚನಗಳ ಆಲ್ಬಂ ಐದೂ ಪಟ್ಟಿಯಲ್ಲಿತ್ತು. ಎಂಟು ಹಾಡು. 'ಎಂಟನೆಯದು ಇಡೀ ಆಲ್ಬಮ್ಮಿನ ಶಿಖರ' ಎಂದು ಬರೆದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಕರೆಸಿದರು.

"ಎಂಟನೇದು ಕೇಳಿರೇನ್ರಿ ಮೇಷ್ಟ್ರೆ?"

"ಕೇಳದೆ ಬರೀತೀನಾ?"

ಎಂಟನೆಯದನ್ನು ಹಚ್ಚಿದರು. ಕೇಳಿಸಿದ್ದು ಮೂರನೆಯ ಹಾಡು. ಧಾಟಿಯಷ್ಟೇ ಅಲ್ಲ, ಅದೇ ಧ್ವನಿಮುದ್ರಣ, ಗಾಯಕಿ ಉಸಿರೆಳೆದುಕೊಳ್ಳುವ ಸದ್ದೂ ಅದೇ. ಆಲ್ಬಂ ಅನ್ನು ಇಂಟರ್ನೆಟ್ಟಿಗೆ ಏರಿಸಿದವರು ಎಂಟನೆಯ ಹೆಸರಿನ ಕೆಳಗೆ ಮೂರನೆಯದನ್ನೇ ಮತ್ತೆ ಹಾಕಿಬಿಟ್ಟಿದ್ದರು. ನಾನು ನಾಲ್ಕನೆಯದಕ್ಕೇ ನಿಲ್ಲಿಸಿ, ಉಳಿದವುಗಳ ಹೆಸರು ನೋಡಿ ಬರೆದಿದ್ದೆ.

ಅದನ್ನೂ ಕೊನೆಯವರೆಗೆ ಬಿಟ್ಟರು. ಆಮೇಲೆ, "ಆ ನಾಲ್ವರು ಯಾರೋ ನಂಗೊತ್ತಿಲ್ಲ. ನೀವು ಗೊತ್ತು, ಅದ್ಕೇ ಬ್ಯಾಸರ. ಕೇಳಿರ್ಲಿಲ್ಲ ಅಂತ ಪೇಪರ್ನಾಗೆ ಬರ್ದು ಹಾಕ್ರಿ" ಎಂದರು.

"ನಗ್ತಾರೆ ಯಜಮಾನ್ರೆ."

"ನಗ್ಲಿ ಬಿಡ್ರಿ. ನಗೋದಾದ್ರೂ ನಿಜವಾಗಿ ನಗ್ತಾರಲ್ಲ."

ನಾನು ಬರೆಯಲಿಲ್ಲ. ಪತ್ರಿಕೆಯಲ್ಲಿ ಜಾಗವಿಲ್ಲವಂತೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಅವರು ತಲೆಯಾಡಿಸಿದರು. ನನ್ನ ಪಟ್ಟಿ ಮಳೆಗಾಲದವರೆಗೂ ಗೋಡೆಯ ಮೇಲೆ ಮೊದಲ ಜಾಗದಲ್ಲೇ ಇತ್ತೆಂದು ನನ್ನ ನೆನಪು. ಆ ಭಾನುವಾರವೇ ಕಿತ್ತುಹಾಕಿದರು ಎನ್ನುತ್ತಾರೆ ಅವರ ಹೆಂಡತಿ. ಎರಡರಲ್ಲಿ ನನಗೆ ಅನುಕೂಲವಾದದ್ದು ನನ್ನದು, ಆದ್ದರಿಂದ ಅವರದೇ ನಿಜವಿರಬೇಕು.

ಶ್ರಾವಣದಲ್ಲಿ ಎದೆನೋವು ಬಂದು ಯಜಮಾನರು ತೀರಿಕೊಂಡರು.

ಆ ಡಿಸೆಂಬರಿನಲ್ಲಿ ನಾನು ಆರು ಹೆಸರು ಮಾತ್ರ ಕಳಿಸಿದೆ. ಕೆಳಗೆ, ಕಳೆದ ವರ್ಷ ಹೊಗಳಿದ ಒಂದು ಹಾಡನ್ನು ನಾನು ಕೇಳಿರಲಿಲ್ಲ ಎಂದು ಒಂದು ಸಾಲು ಸೇರಿಸಿದ್ದೆ. ಪತ್ರಿಕೆಯಿಂದ ಫೋನು ಬಂತು.

"ಹತ್ತು ಬೇಕಲ್ಲ ಸಾರ್?"

"ಕೊನೇತನಕ ಕೇಳಿದ್ದು ಆರೇ" ಎಂದೆ.

ಆರನ್ನೂ ಅಚ್ಚು ಹಾಕಿದರು. ಕೆಳಗಿನ ಸಾಲನ್ನು ಕೈಬಿಟ್ಟರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಎಂಟನೆಯ ಹಾಡನ್ನು ನಾನು ಕೇಳಿರಲಿಲ್ಲ.